ಗಂಡನ ಹೆಸರಿನಲ್ಲಿ

ಗಂಡನ ಹೆಸರು, ಗಂಡನ ಪಾಸ್‌ವರ್ಡ್. ಎರಡನ್ನೂ ಒತ್ತುವ ಮುಂಚೆ ಸರಣ್ಯಾ ಎಂದಿನಂತೆ ಎದ್ದು ಹೋಗಿ ಬಾಗಿಲಿಗೆ ಚಿಲಕ ಹಾಕಿ ಬಂದಳು.

ತಿರುಪ್ಪೂರಿನ ಆ ಬನಿಯನ್ ಕಂಪನಿ ನೌಕರರಿಗೆ ಕಂಪ್ಯೂಟರ್ ಕೊಡುತ್ತಿರಲಿಲ್ಲ. ಕೊಡುವ ಅಗತ್ಯವೂ ಇರಲಿಲ್ಲ. ಯಾವ ಕಂಪ್ಯೂಟರಿನಲ್ಲಾದರೂ ಸರಿ, ಇಂಟರ್ನೆಟ್‌ನಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಹೊಕ್ಕರೆ ಕಂಪನಿಯ ಡೆಸ್ಕ್‌ಟಾಪ್ ಪೂರ್ತಿಯಾಗಿ ತೆರೆದುಕೊಳ್ಳುತ್ತಿತ್ತು. ನಿನ್ನೆ ಅರ್ಧಕ್ಕೆ ಬಿಟ್ಟ ಕೆಲಸ ಬಿಟ್ಟಲ್ಲೇ ಇರುತ್ತಿತ್ತು. ಕರುಮತ್ತಂಪಟ್ಟಿಯ ಮನೆಯಲ್ಲಿ, ಹಳೆಯ ಲ್ಯಾಪ್‌ಟಾಪ್ ಮುಂದೆ ಅವಳ ಗಂಡ ವಿಮಲ್ ಕಂಪನಿಯ ಲೆಕ್ಕಪತ್ರ ಬರೆಯುತ್ತಿದ್ದುದು ಹೀಗೆಯೇ.

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಅವನಿಗೆ ಪರದೆ ನೋಡಿದರೆ ವಾಂತಿ. ಹೊಸ ಕೆಲಸ; ಇದ್ದ ರಜೆಯೆಲ್ಲ ಆಸ್ಪತ್ರೆಯಲ್ಲೇ ಮುಗಿದಿತ್ತು. ಮದುವೆಗೆ ಮುಂಚೆ ಅದೇ ಕಸುಬಿನಲ್ಲಿದ್ದ ಸರಣ್ಯಾ, ಅವನು ಚೇತರಿಸಿಕೊಳ್ಳುವವರೆಗೆ ಎಂದುಕೊಂಡು ಅವನ ಕುರ್ಚಿಯಲ್ಲಿ ಕೂತಳು. ತನ್ನ ಡೆಸ್ಕ್‌ಟಾಪನ್ನು ಬೇರೆ ಯಾರಿಗೂ ತೆರೆಯಲು ಬಿಡುವುದಿಲ್ಲವೆಂದು ಕಂಪನಿಗೆ ವಿಮಲ್ ಸಹಿ ಹಾಕಿಕೊಟ್ಟಿದ್ದ.

ಮೇಲಧಿಕಾರಿ ದೇವರಾಜನ್ ಕೂಡ ಮೆಟ್ಟುಪಾಳ್ಯಂನ ತಮ್ಮ ಮನೆಯಿಂದಲೇ ಕೆಲಸ ಮಾಡುವವರು. ಅವರು ಫೋನ್ ಮಾಡುತ್ತಿರಲಿಲ್ಲ, ಏನಿದ್ದರೂ ಬರೆಯುತ್ತಿದ್ದರು. ಸರಣ್ಯಾಗೆ ಬೇಕಾದದ್ದೂ ಅದೇ. ಮಹಾ ಸಿಡುಕ ಎಂದು ವಿಮಲ್ ಮೊದಲೇ ಹೆದರಿಸಿದ್ದ. ಆದರೆ ತಪ್ಪು ಕಂಡಾಗಲೂ ಅವರು ಬರೆಯುತ್ತಿದ್ದುದು, ಮೊದಲು ಊಟ ಮಾಡಿ ಬನ್ನಿ, ಆಮೇಲೆ ತಿದ್ದಿದರಾಯಿತು ಎಂದು. ಇಂಥ ಮನುಷ್ಯನಿಗೆ ಮೋಸ ಮಾಡುತ್ತಿದ್ದೇನಲ್ಲ ಎಂದು ಅವಳು ನೊಂದುಕೊಳ್ಳುತ್ತಿದ್ದಳು.

ಆ ಬೆಳಿಗ್ಗೆ ಪರದೆಯ ಮೇಲೆ ಸುದ್ದಿ ಕಾದಿತ್ತು. ದೇವರಾಜನ್ ಶಿಫಾರಸಿನ ಮೇರೆಗೆ ವಿಮಲ್‌ಗೆ ಬಡ್ತಿ. ಆ ಜಾಗಕ್ಕಾಗಿ ವರ್ಷಗಳಿಂದ ಕಾದಿದ್ದವನು ಅದೇ ಕಂಪನಿಯ ಮಣಿಕಂಡನ್. ವಿಮಲ್ ಆಸ್ಪತ್ರೆಯಲ್ಲಿದ್ದಾಗ ಓಡಿ ಬಂದು ರಕ್ತ ಕೊಟ್ಟವನೂ ಅವನೇ. ಮಧ್ಯಾಹ್ನ ವಿಮಲ್‌ಗೆ ಫೋನ್ ಮಾಡಿ ಶುಭಾಶಯ ಹೇಳಿದ. ಅವನ ದನಿಯಲ್ಲಿ ಪಸೆಯಿರಲಿಲ್ಲ.

ಸರಣ್ಯಾ ಲ್ಯಾಪ್‌ಟಾಪ್ ಮುಚ್ಚಿದಳು. ದೇವರಾಜನ್ ಮನೆಗೇ ಹೋಗಿ ಎಲ್ಲ ಹೇಳಿಬಿಡುತ್ತೇನೆಂದಳು.

“ವೇಲೆ ಹೋಗುತ್ತೆ ಸರಣ್ಯಾ, ಕೈಲಿರೋ ಕೆಲಸ ಹೋಗುತ್ತೆ,” ಎಂದ ವಿಮಲ್.

“ಹೋಗಲಿ. ಮಣಿಕಂಡನ್ ಅಣ್ಣನ ಮುಖ ಹೆಂಗೆ ನೋಡೋದು?”

ಅವನು ಗೋಡೆಯ ಕಡೆ ಹೊರಳಿದ. “ಹೋಗಿ ಬಾ,” ಎಂದ.

ಮರುದಿನ ಮೆಟ್ಟುಪಾಳ್ಯಂನಲ್ಲಿ ಬಾಗಿಲು ತೆರೆದವಳು ದೇವರಾಜನ್ ಹೆಂಡತಿ ವಿಜಯಕುಮಾರಿ. ಸರಣ್ಯಾಳಂತೆ ಅವರ ಮನೆಮಾತೂ ಕನ್ನಡವೇ. ವಿಮಲ್ ಹೆಂಡತಿ ಎಂದ ಕೂಡಲೇ ಆಕೆಯ ಮುಖ ಬಿಳಿಚಿಕೊಂಡಿತು. ಸಾರ್‌ಗೆ ಪುರುಸೊತ್ತಿಲ್ಲ, ಇನ್ನೊಂದು ದಿನ ಬನ್ನಿ ಎಂದು ಬಾಗಿಲು ಹಾಕಹೊರಟಳು. ತಮ್ಮ ಮೋಸ ಗೊತ್ತಾಗಿಬಿಟ್ಟಿದೆ ಎಂದುಕೊಂಡ ಸರಣ್ಯಾ ಹೊಸ್ತಿಲಲ್ಲಿ ನಿಂತೇ ಎಲ್ಲವನ್ನೂ ಹೇಳಿದಳು.

“ಅಷ್ಟು ದಿನ ವೇಲೆ ಮಾಡಿದ್ದು ಅವರಲ್ಲ ಅಕ್ಕಾ, ನಾನು. ಸಾರ್ ಹತ್ರ ತಪ್ಪಾಯ್ತು ಅಂತ ಮನ್ನಿಪ್ಪು ಕೇಳಬೇಕು.”

ವಿಜಯಕುಮಾರಿ ಬಾಗಿಲನ್ನು ಪೂರ್ತಿ ತೆರೆದಳು. ಆಮೇಲೆ ದಾರಿ ಬಿಟ್ಟಳು.

ಒಳಕೋಣೆಯ ಮಂಚದ ಮೇಲೆ ದೇವರಾಜನ್ ಮಲಗಿದ್ದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಕಣ್ಣು ಸೂರಿನಲ್ಲಿ ನೆಟ್ಟಿತ್ತು. ಸರಣ್ಯಾಳ ನಮಸ್ಕಾರಕ್ಕೆ ಕದಲಲಿಲ್ಲ.

“ಯಾರ ಹತ್ರ ಮನ್ನಿಪ್ಪು ಕೇಳ್ತೀಯಮ್ಮಾ?” ಎಂದಳು ವಿಜಯಕುಮಾರಿ. “ಅವರು ಲಕ್ವ ಹೊಡೆದು ಬಿದ್ದಾಗಿಂದ ನಿನಗೆ ಬರೀತಿರೋದು ನಾನು.”