ಯಾವ ಕೈ?

ಕ್ವಾರಂಟೈನ್ ಸೀಲು ಹಿಡಿದು ಎಸ್ತೇರಮ್ಮ ಬಾಗಿಲಲ್ಲಿ ನಿಂತದ್ದು ನೋಡಿ ಚರ್ಚಿನ ಅಯ್ಯನವರ ಮುಖ ಕಪ್ಪಿಟ್ಟಿತು. ಹಿಂದಿನ ದಿನವಷ್ಟೇ ಅವರು ಹೈದರಾಬಾದಿನಿಂದ ಬಂದಿದ್ದರು. ಹೊರಗಿನಿಂದ ಬಂದವರ ಕೈಗೆ ಸೀಲು ಒತ್ತುವುದು ಆಶಾ ಕಾರ್ಯಕರ್ತೆಯಾದ ಅವಳ ಕೆಲಸ.

"ನನ್ನ ಮನೆಗೇ ಬಂದೆಯಾ?"

"ಊರಿಗೆಲ್ಲ ಒಂದೇ ಕಾಯ್ದೆ, ಅಯ್ಯನವರೇ. ಕೈ ಚಾಚಿ."

ತಿಂಗಳ ಹಿಂದೆ, ಮುಂಬೈಯಿಂದ ಬಂದ ಅವಳ ಗಂಡ ಕೊರೋನಾ ರೋಗದಲ್ಲಿ ತೀರಿಕೊಂಡಾಗ, ಅಯ್ಯನವರು ಸಮಾಧಿ ತೋಟದ ಗೇಟಿಗೆ ಬೀಗ ಜಡಿದು ಅಡ್ಡ ನಿಂತಿದ್ದರು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹೆಣದ ಹತ್ತಿರಕ್ಕೂ ಸುಳಿದಿರಲಿಲ್ಲ. "ಬೈಬಲ್ಲಿನ ಪ್ರಕಟನೆ ಗ್ರಂಥದಲ್ಲಿ ಹೇಳಿದ ಕಡೇ ಕಾಲದ ವ್ಯಾಧಿ ಇದು! ಆ ಸೀಲೇ ಮೃಗದ ಗುರುತು, ಸೈತಾನನ ಮುದ್ರೆ. ಗುರುತು ಹಾಕಿಸಿಕೊಂಡವನಿಗೆ ಇಲ್ಲಿ ಆರಡಿ ಮೂರಡಿ ಜಾಗವಿಲ್ಲ" ಎಂದು ಎಲ್ಲರೆದುರು ಕೂಗಿದ್ದರು. ಕೊನೆಗೆ ಅವನನ್ನು ಊರಾಚೆಯ ತಿಪ್ಪೆಯ ಪಕ್ಕ ಮಣ್ಣು ಮಾಡಬೇಕಾಯಿತು.

"ಯಾಕೆ ಅಯ್ಯನವರೇ, ಮೃಗ ಅಂದರೆ ಭಯವೇ?" ಎಂದು ಕೇಳಿದಳು ಎಸ್ತೇರಮ್ಮ.

ಅಯ್ಯನವರು ಓಣಿಯ ಆಚೆ ಈಚೆ ನೋಡಿದರು. ಬಲಗೈಯನ್ನು ಜುಬ್ಬದ ಜೇಬಿಗೆ ತುರುಕಿ, ಎಡಗೈ ಮುಂದೆ ಮಾಡಿದರು.

"ಮೃಗದ ಗುರುತು ಬೀಳುವುದು ಬಲಗೈಗೆ, ಇಲ್ಲವೇ ಹಣೆಗೆ ಅಂತ ದೇವರ ವಾಕ್ಯದಲ್ಲಿ ಸ್ಪಷ್ಟವಾಗಿ ಬರೆದಿದೆ. ಎಡಗೈಗೆ ಬಿದ್ದದ್ದು ಗುರುತೇ ಅಲ್ಲ. ಬೇಗ ಒತ್ತಿ ನಡಿ."

ಎಸ್ತೇರಮ್ಮ ಒತ್ತಲಿಲ್ಲ.

"ನನ್ನ ಗಂಡನಿಗೆ ಸೀಲು ಹಾಕಿದವಳು ನಾನೇ, ಅಯ್ಯನವರೇ," ಎಂದಳು. "ಎಡಗೈಗೇ ಹಾಕಿದ್ದೆ."