ಮೈಮೇಲಿನ ಹೊಲಿಗೆ

ದಂಡು ಪ್ರದೇಶದ ಬಿಳಿಯ ದೊರೆಸಾನಿಯರಿಗೆ ಗೌನು ಹೊಲಿಯುತ್ತಿದ್ದ ಆ ತಾಯಿ, ಅಳತೆ ನೋಡಲು ಪ್ರತಿಯೊಂದನ್ನೂ ಮೊದಲು ಮಗಳು ರಖುಮಾಗೆ ತೊಡಿಸುತ್ತಿದ್ದಳು. ಜ್ವರದಲ್ಲಿ ಸೊರಗಿ ಮಲಗಿದ್ದ ಹುಡುಗಿ ಈ ಸಲದ ಬಿಳಿ ರೇಷ್ಮೆಯ ಗೌನನ್ನೂ ಹಟಮಾಡಿ ತೊಟ್ಟುಕೊಂಡಳು.

“ಅವ್ವಾ, ನಡು ಸಡ್ಲ ಆಗೈತೆ. ಮೈಮೇಲಿರೋ ಹಂಗೇ ಎರಡು ಹೊಲಿಗೆ ಹಾಕು.”

“ಬಿಚ್ಚು, ಹಾಕ್ತೀನಿ. ಮೈಮೇಲಿಟ್ಟು ಹೊಲಿಯೋದು ಸತ್ತೋರಿಗೆ ಕಣೇ, ಬದುಕಿರೋರಿಗಲ್ಲ.”

“ಬಿಚ್ಚಿದ್ರೆ ದೊರೆಸಾನಿಗೆ ಹೋಯ್ತದೆ. ಇವತ್ತೊಂದಿನ ನಂದಾಗಿರ್ಲಿ.”

ತಾಯಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ವಿಠಲನ ಹಾಡು ಗುನುಗುತ್ತ ಕೂತಳು.

ಮಧ್ಯಾಹ್ನ ದೊರೆಸಾನಿಯ ಬಟ್ಲರ್ ಬಾಗಿಲಲ್ಲಿ ನಿಂತು ಗದರಿದ.

“ಸಂಜೆ ಬಂಗಲೇಲಿ ಕುಣಿತ ಐತೆ. ಇನ್ನೂ ಮಗಳ ಮೈಮೇಲೇ ಐತಲ್ಲಮ್ಮ ಗೌನು, ಅವಳೇನು ದೊರೆಸಾನಿನಾ? ಬಿಚ್ಚಿಸಿ ಕೊಡು.”

ತಾಯಿ ಸೂಜಿಗೆ ದಾರ ಪೋಣಿಸಿದಳು. ಮಗಳ ನಡುವಿನ ಸಡಿಲವನ್ನು ಬೆರಳಲ್ಲಿ ಹಿಡಿದು, ಮೈಮೇಲೆಯೇ ಹೊಲಿಯತೊಡಗಿದಳು.