ಪಿಚರ್ ರಶ್ಮಿತಾಳ ಬಲಗೈ

“ತಳಕಿನ ಟೀಮಿಗೆ ಚೆಂಡು ಎಸೆಯೋ ಪಿಚರ್ ನಮ್ಮ ರಶ್ಮಿತಾ! ಹೋದ ನಾಲ್ಕು ಬೇಸ್‌ಬಾಲ್ ಮ್ಯಾಚಲ್ಲಿ ಮೂವತ್ತೊಂದು ಜನಾನ ಔಟ್ ಮಾಡ್ಯಾಳೆ! ರಾಂಪುರದ ಪಿಚರ್ ಮಾಡಿರೋದು ಬರೀ ಹದಿನೆಂಟು!” ಮಾರುತೇಶ ಮೈಕಿನಲ್ಲಿ ಕೂಗುತ್ತಿದ್ದ. “ಇವತ್ತು ಗೆದ್ರೆ ಸೀದಾ ರಾಜ್ಯದ ಟೀಮಿಗೆ ನೋಡ್ರಿ!”

ಮೈದಾನದ ಗೆರೆಯಾಚೆ ಅವಳ ಅಜ್ಜಿ ಸೂರಮ್ಮ, ಬೆಳಿಗ್ಗೆ ದೇವರಿಗೆ ಒಡೆಸಿದ ಕಾಯಿಯ ಚೂರು ಹಿಡಿದು ನಿಂತಿದ್ದಳು. ರಶ್ಮಿತಾ ಬಂದು ಎಡಗೈ ಚಾಚಿದಳು.

“ದೇವರ ಪ್ರಸಾದ ಎಡಗೈಲಿ ಇಸ್ಕಂತಾರೇನೆ? ಬಲಗೈ ಚಾಚು.”

ರಶ್ಮಿತಾ ಸುತ್ತ ನೋಡಿದಳು. ಬಲಗೈ ತೊಡೆಯಿಂದ ಒಂದು ಗೇಣು ಮೇಲೆದ್ದು, ಹಾಗೇ ಜೋತುಬಿತ್ತು.

“ಮೊನ್ನೆಯಿಂದ ಏಳ್ತಿಲ್ಲ ಅಜ್ಜಿ. ಯಾರಿಗೂ ಹೇಳಿಲ್ಲ.”

ಎದುರಾಳಿ ರಾಂಪುರದ ಹುಡುಗಿಯರು ಇತ್ತಲೇ ನೋಡುತ್ತಿದ್ದರು. “ಈ ಕೈ ನೋಡಾಕೆ ಚಿತ್ರದುರ್ಗದಿಂದ ಸೆಲೆಕ್ಟರು ಬಂದಾರ್ರೀ!” ಮೈಕು ಮತ್ತೆ ಅರಚಿತು.

ಎಡಗೈಲಿ ನೀರಿನ ಲೋಟ ಕೊಟ್ಟರೂ ಮನೆಮಂದಿಯನ್ನೆಲ್ಲ ಬೈಯುತ್ತಿದ್ದ ಸೂರಮ್ಮ, ಆ ಹುಡುಗಿಯರಿಗೆ ಕಾಣದಂತೆ ಅಡ್ಡ ನಿಂತು, ಜೋತ ಬಲಗೈಯನ್ನು ಸೆರಗಿನಿಂದ ಮರೆಮಾಡಿದಳು. ಕಾಯಿಚೂರನ್ನು ಕಣ್ಣಿಗೊತ್ತಿಕೊಂಡು, ಮೊಮ್ಮಗಳ ಎಡಗೈಯಲ್ಲೇ ಇಟ್ಟು ಬೆರಳು ಮಡಚಿದಳು.